ಪುಕ್ಕಟೆ ಮೀಮಾಂಸೆ

ಅನಿವಾಸಿ ಕನ್ನಡಿಗನನ್ನು ಅರ್ಥಶಾಸ್ತ್ರಜ್ಞರು ಅವನು ಊರಿಗೆ ಕಳಿಸುವ ಡಾಲರಿನಿಂದಲೂ, ಸಮಾಜಶಾಸ್ತ್ರಜ್ಞರು ಊರಿನಿಂದ ತರುವ ಉಪ್ಪಿನಕಾಯಿಯಿಂದಲೂ ಅಳೆದಿದ್ದಾರೆ. ಅವನು ಯಾವುದಕ್ಕೆ ದುಡ್ಡು ಬಿಚ್ಚುವುದಿಲ್ಲ ಎಂಬುದನ್ನು ಮಾತ್ರ ಯಾರೂ ಶಾಸ್ತ್ರೋಕ್ತವಾಗಿ ವಿಚಾರಿಸಿಲ್ಲ. ಆ ಮಹಾ ಕೊರತೆಯನ್ನು ತುಂಬಲು ಈ ಪ್ರಬಂಧ. ಅಧ್ಯಯನದ ಕ್ಷೇತ್ರ ನ್ಯೂಜೆರ್ಸಿಯ ಎಡಿಸನ್ ಆಸುಪಾಸು. ವಿಧಾನ, ಬಿಸಿಬೇಳೆಬಾತ್ ಇರುವ ಮನೆಗಳಿಗೆ ಹೋಗಿ ಕೂರುವುದು. ಪ್ರಬಂಧಕಾರನೂ ಅನಿವಾಸಿಯೇ ಆದ್ದರಿಂದ ವೀಸಾ ಖರ್ಚು ಬರಲಿಲ್ಲ.

ಮೊದಲು ಪೂರ್ವೇತಿಹಾಸ. ಈ ಪ್ರಾಣಿಯ ತೀರ್ಥರೂಪರು ರೇಡಿಯೋ ಕೇಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದರು. ಕಟ್ಟಿದ್ದರಿಂದ ಬಯ್ಯುವ ಹಕ್ಕೂ ಇತ್ತು. ಆಕಾಶವಾಣಿ ಸರ್ಕಾರದ ತುತ್ತೂರಿ ಎಂದು ಜಗಲಿಯಲ್ಲಿ ಕೂತು ರಶೀದಿ ಸಮೇತ ಬಯ್ದರು. ಮಗ ವಿಮಾನ ಹತ್ತಿದ.

ಅಮೆರಿಕದಲ್ಲಿ ಲೈಸೆನ್ಸ್ ಇಲ್ಲ. ಅಧ್ಯಕ್ಷ ಲಿಂಡನ್ ಜಾನ್ಸನ್ 1967ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ, ಸಾರ್ವಜನಿಕ ರೇಡಿಯೋ–ಟೀವಿ ಕೇಂದ್ರಗಳಿಗೆ ಸರ್ಕಾರದ ಹಣ ಹಂಚುವ ನಿಗಮವೊಂದು ಹುಟ್ಟಿತು. ಸಾಲದ್ದನ್ನು ಕೇಳುಗರೇ ಇಷ್ಟಪಟ್ಟು ಕೊಡಬೇಕು. ಅದಕ್ಕಾಗಿ ಆಗಾಗ ಪ್ಲೆಜ್ ಡ್ರೈವ್ ಎಂಬ ಭವತಿ ಭಿಕ್ಷಾಂದೇಹಿ ನಡೆಯುತ್ತದೆ. ಕೊಟ್ಟವರಿಗೆ ಬಟ್ಟೆಯ ಚೀಲ. ಆ ದಿನಗಳಲ್ಲಿ ನಮ್ಮವನು ಕಾರಿನಲ್ಲಿ ವಿಷ್ಣು ಸಹಸ್ರನಾಮಕ್ಕೆ ಮೊರೆಹೋಗುತ್ತಾನೆ. (ಚೀಲ ಅವನ ಮನೆಯಲ್ಲೂ ಇದೆ, ದಂಟಿನ ಸೊಪ್ಪು ತರಲು. ಅದು ಹೇಗೆ ಬಂತೆಂಬುದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.)

ಜರ್ಮನಿಯ ಉಪಜಾತಿಗೆ ಈ ಧರ್ಮಸಂಕಟವಿಲ್ಲ. ಅಲ್ಲಿ 2013ರಿಂದ ಪ್ರಸಾರ ಶುಲ್ಕ ಮನೆಗೊಂದರಂತೆ ವಸೂಲಿ. 2021ರಲ್ಲಿ ಅದು ತಿಂಗಳಿಗೆ 18.36 ಯೂರೋ ಆಯಿತು. ‘ನಮ್ಮನೇಲಿ ಟೀವಿನೇ ಇಲ್ವಲ್ಲ ಸ್ವಾಮಿ’ ಎಂದರೆ ನಡೆಯದು, ಮನೆ ಇದೆಯಲ್ಲ. ಭಾಷೆ ತಿಳಿಯದಿದ್ದರೂ, ಕೊಟ್ಟ ಕಾಸು ಗಿಟ್ಟಲೆಂದು ಜರ್ಮನ್ ಹವಾಮಾನ ವರದಿಯನ್ನು ಕೊನೆತನಕ ನೋಡುವ ಕನ್ನಡಿಗರು ಅಲ್ಲಿ ಮಾತ್ರ ಸಾಧ್ಯ.

ಇನ್ನು ರಾಜಕಾರಣ. ಎಚ್-1ಬಿ ಎಂಬ ಕೆಲಸದ ವೀಸಾದವನಿಗೆ ಅಮೆರಿಕದಲ್ಲಿ ಮತವಿಲ್ಲ. ಭಾರತದಲ್ಲಿ 2011ರಿಂದ ಅನಿವಾಸಿಯೂ ಪಟ್ಟಿಯಲ್ಲಿ ಹೆಸರು ಸೇರಿಸಬಹುದು, ಆದರೆ ಮತಗಟ್ಟೆಗೆ ಖುದ್ದಾಗಿ ಹೋಗಬೇಕು. ಟಿಕೆಟ್ಟಿನ ದರ ಕಂಡೊಡನೆ ಪ್ರಜಾಪ್ರಭುತ್ವದ ಆರಾಧನೆ ಮಾನಸಪೂಜೆಗೆ ಇಳಿಯುತ್ತದೆ. ಹೀಗೆ ಎರಡೂ ಕಡೆ ಮತ ಹಾಕದವನು ಎರಡೂ ದೇಶಗಳನ್ನು ವಾಟ್ಸಾಪಿನಿಂದ ಆಳುತ್ತಾನೆ, ಪುಕ್ಕಟೆಯಾಗಿ. ಒಂದು ಕಾಲದಲ್ಲಿ ವಾಟ್ಸಾಪ್ ವರ್ಷಕ್ಕೊಂದು ಡಾಲರ್ ಕೇಳುತ್ತಿತ್ತು. 2016ರಲ್ಲಿ ಅದನ್ನೂ ಬಿಟ್ಟಿತು. ‘ಹತ್ತು ಜನಕ್ಕೆ ಕಳಿಸಿದರೆ ಶುಲ್ಕವಿಲ್ಲ’ ಎಂಬ ಸುಳ್ಳು ಸಂದೇಶವನ್ನು ಗಂಟೆಗಿಷ್ಟು ಡಾಲರೆಂದು ಬಿಲ್ ಮಾಡುವ ಮಹಾನುಭಾವರು, ಆಫೀಸಿನ ಹೊತ್ತಿನಲ್ಲೇ, ಶ್ರದ್ಧೆಯಿಂದ ಹಂಚಿದ್ದು ಈ ಶಾಸ್ತ್ರದ ಸುವರ್ಣಯುಗ.

ಇಲ್ಲೊಂದು ಪೂರ್ವಪಕ್ಷವಿದೆ: ಎಲ್ಲವೂ ಪುಕ್ಕಟೆಯಾದರೆ, ವಾಟ್ಸಾಪಿನ ಒಡೆಯ ಮೆಟಾ 2024ರಲ್ಲಿ ಸುಮಾರು 16,450 ಕೋಟಿ ಡಾಲರ್ ವರಮಾನ ಕಂಡದ್ದು ಹೇಗೆ? ಅದರಲ್ಲಿ 16,000 ಕೋಟಿಗೂ ಹೆಚ್ಚು ಜಾಹೀರಾತಿನದು. ‘ನನ್ನ ಡೇಟಾ ತಗೊಂಡು ಏನ್ ಉಪ್ಪಿನಕಾಯಿ ಹಾಕ್ತಾರಾ?’ ಎಂದು ನಗುವ ನಮ್ಮವನು ಅದೇ ಮೆಟಾದ ಫೇಸ್‌ಬುಕ್ ತೆರೆದರೆ ಕನಕಪುರ ರಸ್ತೆಯ ವಿಲ್ಲಾ ಎದುರಿಗಿರುತ್ತದೆ. ಮುಂಗಡ ಕಟ್ಟುತ್ತಾನೆ. ಆ ಜಾಹೀರಾತಿನ ಖರ್ಚನ್ನು ಬಿಲ್ಡರು ಜೇಬಿನಿಂದ ಹಾಕುವಷ್ಟು ಧರ್ಮಾತ್ಮನಲ್ಲ. ಸಿದ್ಧಾಂತ ಇಷ್ಟೆ: ಅಪ್ಪ ಅಂಚೆ ಕಚೇರಿಯಲ್ಲಿ ಕಟ್ಟಿದ್ದನ್ನು ಮಗ ಚದರಡಿಯ ಲೆಕ್ಕದಲ್ಲಿ ಕಟ್ಟುತ್ತಾನೆ. ರಶೀದಿ ಸಿಗುವುದಿಲ್ಲವಾದ್ದರಿಂದ ಯಾರನ್ನು ಬಯ್ಯಬೇಕೆಂದು ತಿಳಿಯದೆ ಸಿಕ್ಕಸಿಕ್ಕವರನ್ನು ಬಯ್ಯುತ್ತಾನೆ. ಇದನ್ನೇ ಅನಿವಾಸಿ ರಾಜಕಾರಣ ಎನ್ನುವುದು.

2025ರ ಜುಲೈಯಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆಂದು ಇಟ್ಟಿದ್ದ 110 ಕೋಟಿ ಡಾಲರನ್ನು ಹಿಂತೆಗೆದುಕೊಂಡಿತು. ಬಾಗಿಲು ಹಾಕುವುದಾಗಿ ಜಾನ್ಸನ್ ಕಾಲದ ಆ ನಿಗಮ ಆಗಸ್ಟ್‌ನಲ್ಲಿ ಸಾರಿತು. ಬಿಸಿಬೇಳೆಬಾತಿನ ಮನೆಯಲ್ಲಿ ಇದಕ್ಕಾಗಿ ಎಲ್ಲರೂ ಮರುಗಿದರು, ಖಂಡನೆಯ ಪತ್ರವೊಂದನ್ನು ಫಾರ್ವರ್ಡ್ ಮಾಡಿದರು. ರೇಡಿಯೋ ಕೇಂದ್ರಕ್ಕೆ ತಿಂಗಳಿಗೆ ಐದು ಡಾಲರ್ ಕೊಡಬಹುದಲ್ಲವೇ ಎಂದು ಪ್ರಬಂಧಕಾರ ಕೇಳಿದ.

‘ಟ್ಯಾಕ್ಸ್ ಡಿಡಕ್ಷನ್ ಸಿಗುತ್ತೇನ್ರಿ?’

‘ಸಿಗುತ್ತೆ ಸಾರ್, ಐಟಮೈಸ್ ಮಾಡಿದ್ರೆ.’

‘ಹಂಗಾದ್ರೆ ಡಿಸೆಂಬರ್‌ನಲ್ಲಿ ನೋಡೋಣ. ನೀವು ಎಷ್ಟು ಕೊಡ್ತಿದೀರಿ?’

ಸ್ಥಳಾಭಾವದಿಂದ ಪ್ರಬಂಧವನ್ನು ಇಲ್ಲಿಗೇ ನಿಲ್ಲಿಸಲಾಗಿದೆ.