ಬಡಿಸಿಕೊಂಡವನೇ ಔಟು

ನಿಯಮದ ಪುಸ್ತಕ ಓದುವ ಚಟದವರನ್ನು ಮೈದಾನದ ಹತ್ತಿರಕ್ಕೂ ಬಿಡಬಾರದು. ನಾನು ಆ ಪೈಕಿ. ಬ್ಯಾಟು ಹಿಡಿದರೆ ಚೆಂಡು ಕಾಣದು, ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಆದರೂ ಗುಂಡ್ಲುಪೇಟೆಯಲ್ಲಿ ಪಿ.ಟಿ. ಮೇಷ್ಟ್ರಾಗಿರುವ ಭಾಮೈದ ಹುಡುಗರಿಗೆ ಸಾಫ್ಟ್‌ಬಾಲ್ ಕಲಿಸುತ್ತಿದ್ದಾನೆಂದು ಗೊತ್ತಾದದ್ದೇ ತಡ, ಟೋಪಿ ಹಾಕಿಕೊಂಡು ಅಂಪೈರಾಗಿ ನಿಂತೇಬಿಟ್ಟೆ. ತೆರಕಣಾಂಬಿ ದಾಟಿ ಬಸ್ಸಿನಲ್ಲಿ ಬಂದ ಚಾಮರಾಜನಗರದ ಹುಡುಗರು ಎದುರು ಪಾರ್ಟಿ. ಮಣ್ಣು ತುಂಬಿದ ಗೊಬ್ಬರದ ಚೀಲಗಳೇ ಬೇಸು. ಒಂದರಿಂದ ಇನ್ನೊಂದಕ್ಕೆ 60 ಅಡಿ, ಟೇಪು ಹಿಡಿದು ನಾನೇ ಅಳೆದದ್ದು.

ಚಾಮರಾಜನಗರದ ಹುಡುಗನೊಬ್ಬ ಮೊದಲ ಬೇಸಿನಿಂದ ಎರಡನೆಯದಕ್ಕೆ ಓಡುತ್ತಿದ್ದ. ಅವನದೇ ಪಾರ್ಟಿಯವನು ಬೀಸಿದ ಚೆಂಡು ನೆಲಕ್ಕೆ ಕುಕ್ಕಿ ಎದ್ದು, ಇವನ ಹಿಂಭಾಗಕ್ಕೆ ಧಪ್ಪನೆ ಬಡಿಯಿತು. ಸಾಫ್ಟ್‌ಬಾಲ್ ಚೆಂಡು ಕ್ರಿಕೆಟ್ ಚೆಂಡಿಗಿಂತ ಭಾರ. ಹುಡುಗ ಸಂಬಂಧಪಟ್ಟ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಲ್ಲೇ ಕುಣಿದ. ಭಾಮೈದ ನೀರಿನ ಬಾಟಲಿಯೊಂದಿಗೆ ಓಡಿಬಂದ. ಯಾರೋ ಐಸ್ ತನ್ನಿ ಎಂದರು, ಬಂದದ್ದು ಐಸ್‌ಕ್ಯಾಂಡಿ. ಅದನ್ನು ಎಲ್ಲಿಗೆ ಇಡಬೇಕೆಂದು ಚರ್ಚೆ ನಡೆಯುತ್ತಿದ್ದಾಗ ಹುಡುಗ ಬಾಯಿಗಿಟ್ಟುಕೊಂಡ. ಮೈದಾನಕ್ಕೆ ಮೈದಾನವೇ ಲೊಚಗುಟ್ಟುತ್ತಿತ್ತು. ನಾನು ಮುಷ್ಟಿ ಎತ್ತಿ ಕೂಗಿದೆ: "ಔಟ್!"

ಕ್ಯಾಂಡಿ ಬಾಯಿಂದ ಹೊರಬಂತು. "ಅಲ್ಲ ಸಾ, ಬಡ್ದಿರದೂ ನನ್ಗ, ಔಟೂ ನಾನೇಯಾ?"

ನಾನು ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಹೊಡೆದವನಿಗೆ ಮೊದಲ ಬೇಸು ಪುಕ್ಕಟೆ, ಜೊತೆಗೆ ಅವನ ಖಾತೆಗೆ ಒಂದು ಹಿಟ್ಟೂ ಜಮಾ ಎಂದು ಸಾರಿದೆ. ಕಾಂಪೌಂಡಿನ ಮೇಲೆ ಕೂತಿದ್ದ ಕ್ರಿಕೆಟ್ ಪಂಡಿತರು ಕೆಳಗಿಳಿದರು. ಒಬ್ಬರಿಗೂ ಬೇಸೆಂದರೇನೆಂದು ತಿಳಿಯದು, ಡಿಆರ್‌ಎಸ್ ಮಾತ್ರ ಬೇಕು! ಕ್ರಿಕೆಟ್ಟಿನಲ್ಲಿ ಚೆಂಡು ನಾನ್‌ಸ್ಟ್ರೈಕರ್ ಮೈಗೆ ಬಡಿದು ಚಿಮ್ಮಿ ಕ್ಯಾಚಾದರೆ ಔಟಾಗುವವನು ಹೊಡೆದವನು. ಅವರ ಧರ್ಮ ಅದು. ಲಗೋರಿಯಲ್ಲಿ ಬಡಿಸಿಕೊಂಡವನೇ ಔಟು, ಆದರೆ ಅಲ್ಲಿ ಎಸೆಯುವವನು ಎದುರಾಳಿ. "ಚೆಂಡು ಪಿಚರ್ನ ದಾಟ್ಬುಟ್ಟಿತ್ತಲ್ಲ?" ಎಂದೊಬ್ಬ ಪಾಟೀಸವಾಲು ಹಾಕಿದ. ಚೆಂಡೆಸೆಯುವ ಪಿಚರ್ ಲೆಕ್ಕಕ್ಕಿಲ್ಲ, ಬೇಸುಗಳ ಹತ್ತಿರ ಕಾಯುವ ಬೇರೆ ಇನ್‌ಫೀಲ್ಡರ್‌ನನ್ನು ದಾಟಿ ಬಂದು ಬಡಿದಿದ್ದರೆ ಉಳಿಯುತ್ತಿದ್ದ ಎಂದೆ.

"ನಮ್ಮ ಚಾಮರಾಜನಗರಕ್ಕ ಕಾಲಿಟ್ಟ ಮುಖ್ಯಮಂತ್ರಿಗೋಳೇ ಔಟಾಯ್ತಾರಂತ, ಈ ಹೈದ ಯಾವ್ ಲೆಕ್ಕ ಬುಡಿ" ಎಂದರು ಒಬ್ಬ ಯಜಮಾನರು. ಅಷ್ಟು ಸಲ ಬಂದುಹೋದ ಸಿದ್ದರಾಮಯ್ಯ 2013ರಿಂದ 2018ರವರೆಗೆ ಪೂರ್ತಿ ಆಡಿ ಮುಗಿಸಿದರಲ್ಲ ಎಂದೆ. ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ನಿಯಮಕ್ಕೆ ಕಾರಣ ಉಂಟು. ಓಡುವವನು ಬೇಕೆಂದೇ ಚೆಂಡಿಗೆ ಮೈಕೊಟ್ಟು, ಇಬ್ಬರು ಔಟಾಗುವಲ್ಲಿ ಒಬ್ಬನನ್ನು ಉಳಿಸಿಬಿಟ್ಟಾನು. 1957ರಲ್ಲಿ ಸಿನ್ಸಿನಾಟಿಯ ಡಾನ್ ಹೋಕ್ ಎಂಬ ಪುಣ್ಯಾತ್ಮ ಬೇಸ್‌ಬಾಲಿನಲ್ಲಿ ಓಡುತ್ತಲೇ ತನ್ನ ಪಾರ್ಟಿಯವನ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗೆ ಎಸೆದುಕೊಟ್ಟ! ತಾನೊಬ್ಬನೇ ಔಟಾಗಿ, ಹೊಡೆದವನನ್ನು ಉಳಿಸಿದ. ಆಮೇಲೆ ನಿಯಮ ಬಿಗಿಯಾಯಿತು: ಬೇಕೆಂದೇ ಹಾಗೆ ಮಾಡಿದರೆ ಇಬ್ಬರೂ ಔಟು. ಇದನ್ನೆಲ್ಲ ವಿವರಿಸುತ್ತಿದ್ದಾಗ ಭಾಮೈದ ತೋಳು ಹಿಡಿದ: "ಭಾವ, ಸಾಕು ಬುಡಿ, ಬಸ್ಸಿಗ ಹೊತ್ತಾಯ್ತದ."

ಹುಡುಗ ಕುಂಟುತ್ತ ಹೊರಗೆ ನಡೆದ. ಬಂಡೀಪುರದ ಅಂಚಿನಲ್ಲಿ ಆನೆ ಹೊಲ ತುಳಿದರೆ, ಕಾಗದಪತ್ರ ಹಿಡಿದು ಅಲೆಯುವವನು ಬೆಳೆ ಕಳೆದುಕೊಂಡವನೇ. ಈ ಸೀಮೆಯ ಮಕ್ಕಳಿಗೆ ಇಂಥ ನ್ಯಾಯ ಹೊಸದೂ ಅಲ್ಲ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕ್ರಿಕೆಟ್ಟೂ ಇದೆ, ಸಾಫ್ಟ್‌ಬಾಲೂ ಇದೆ. ಟಿ.ವಿ.ಯಲ್ಲಿ ಯಾರಿಗಾದರೂ ಚೆಂಡು ಬಡಿದರೆ, ಲೊಚಗುಟ್ಟುವ ಮುಂಚೆ ಯಾವ ಆಟವೆಂದು ನೋಡಿಕೊಳ್ಳಿ.