ಮುಖ್ಯ ಅತಿಥಿಗಳು ಬರುವವರೆಗೆ

ಮುಖ್ಯ ಅತಿಥಿಗಳು ತಡವಾಗಿ ಬಂದರೆ ಎಲ್ಲರೂ ಬೈಯುತ್ತಾರೆ. ಬೈಯದವರು ಈ ಮೈಸೂರಿನಲ್ಲಿ ನಮ್ಮಂಥ ಒಂದಷ್ಟು ಜನ ಮಾತ್ರ. ನಮ್ಮಂಥವರು ಅಂದರೆ, ತಾವೇ ಹಾಡು ಬರೆದು, ತಾವೇ ರಾಗ ಹಾಕಿ, ಕೈಯಿಂದ ದುಡ್ಡು ಹಾಕಿ ರೆಕಾರ್ಡ್ ಮಾಡಿಸಿ, ಗಿಟಾರು ಹೆಗಲಿಗೇರಿಸಿಕೊಂಡು ಬಡಾವಣೆ ಬಡಾವಣೆ ಸುತ್ತುವವರು. ಆಮಂತ್ರಣ ಪತ್ರಿಕೆಯಲ್ಲಿ ಉದ್ಘಾಟನೆ ಸಂಜೆ 5.30ಕ್ಕೆ ಎಂದಿರುತ್ತದೆ. ಆರೂವರೆಯಾದರೂ ಸಾಹೇಬರ ಕಾರು ಶ್ರೀರಂಗಪಟ್ಟಣದ ಆಚೆಯೇ. ಮುಂದಿನ ಸಾಲಿನ ಹಿರಿಯರು ಗಡಿಯಾರ ನೋಡಿಕೊಳ್ಳುತ್ತಾರೆ, ಹಿಂದಿನ ಸಾಲಿನ ಮಕ್ಕಳು ಕುರ್ಚಿ ಎಳೆದಾಡುತ್ತಾರೆ. ಆಗ ಸಂಘದ ಕಾರ್ಯದರ್ಶಿಗಳು ಓಡಿ ಬರುತ್ತಾರೆ. “ಮೇಡಂ, ಸ್ವಲ್ಪ ಏನಾದ್ರೂ ಹಾಡ್ತಿರಿ, ಇನ್ನೇನು ಬಂದ್ಬಿಡ್ತಾರೆ.”

ಆ ‘ಸ್ವಲ್ಪ ಏನಾದ್ರೂ’ ಇದೆಯಲ್ಲ, ನನ್ನ ಸ್ವಂತ ಹಾಡುಗಳಿಗೆ ಈ ಊರಿನಲ್ಲಿ ಸಿಕ್ಕಿರುವ ಜಾಗ ಅದೇ. ಕಾರ್ಯಕ್ರಮದ ಪಟ್ಟಿಯಲ್ಲಿ ಪ್ರಾರ್ಥನೆಗೆ ಸ್ಥಾನವಿದೆ, ಪ್ರಾಸ್ತಾವಿಕ ನುಡಿಗೆ ಇದೆ, ವಂದನಾರ್ಪಣೆಗೂ ಇದೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ‘ರಸಮಂಜರಿ’ ಎಂದು ಸಿನಿಮಾ ಹಾಡಿನ ಆರ್ಕೆಸ್ಟ್ರಾ. ಹೊಸ ಹಾಡು ಇವುಗಳ ಸಂದಿಯಲ್ಲಿ ತೂರಿಕೊಳ್ಳಬೇಕು. ಅತಿಥಿಗಳು ಒಂದು ಗಂಟೆ ತಡವಾದರೆ ನಮಗೆ ಹಬ್ಬ. ಎರಡು ಗಂಟೆಯಾದರೆ ಮಾತ್ರ ಕಷ್ಟ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಸಮಯ ಸಾಲದೆ ಹೋದಾಗ ಕತ್ತರಿ ಭಾಷಣದ ಮೇಲೆ ಬಿದ್ದದ್ದನ್ನು ನಾನಂತೂ ಕಂಡಿಲ್ಲ.

“ಅಕಸ್ಮಾತ್ ಅತಿಥಿಗಳು ಟೈಮಿಗೆ ಸರಿಯಾಗಿ ಬಂದ್ಬಿಟ್ರೆ?” ಎಂದು ಪಕ್ಕದ ಮನೆ ಆಂಟಿ ಕೇಳಿದರು. ನಮ್ಮ ಕಾಂಪೌಂಡಿನ ದಾಸವಾಳ ಅವರ ಕಡೆಗೇ ಹೆಚ್ಚು ಬಾಗಿದೆ. ಹೂವು ಕೀಳುತ್ತಾ ದಿನದ ವರದಿ ತೆಗೆದುಕೊಳ್ಳುವುದು ಅವರ ರೂಢಿ.

“ಶಾಲು ಹೊದ್ಕೊಂಡು ಮನೆಗೆ ಬರೋದು ಆಂಟಿ.”

“ಬಣ್ಣ ಯಾವುದು?” ಎಂದರು. ಅವರು ಸುಮ್ಮನೆ ಕೇಳಿದ್ದಲ್ಲ. ನನಗೆ ಬಂದ ಶಾಲುಗಳಲ್ಲಿ ಮುಕ್ಕಾಲು ಪಾಲು ಆಂಟಿಯ ಕೈದಾಟಿ ಯಾರದೋ ಗೃಹಪ್ರವೇಶಕ್ಕೆ, ಯಾರದೋ ನಿವೃತ್ತಿ ಸಮಾರಂಭಕ್ಕೆ ಹೋಗಿವೆ. ಅಂಚಿನಲ್ಲಿ ಅರಿಶಿನದ ಕಲೆಯಿದ್ದ ಒಂದು ಶಾಲಂತೂ ಎಲ್ಲೆಲ್ಲೋ ಸುತ್ತಿ, ಬೇರೆ ಬಡಾವಣೆಯ ವೇದಿಕೆಯಲ್ಲಿ ಮತ್ತೆ ನನ್ನ ಹೆಗಲೇರಿತು. ಹಳೇ ಸ್ನೇಹಿತೆಯನ್ನು ಕಂಡ ಹಾಗಾಯಿತು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಾಜಿನ ನೆನಪಿನ ಕಾಣಿಕೆ ಇವಿಷ್ಟೂ ಒಟ್ಟಿಗೆ ಬಂದವೆಂದರೆ ಕವರ್ ಬರುವುದಿಲ್ಲವೆಂದು ತಿಳಿದುಕೊಳ್ಳಬೇಕು. “ಬಜೆಟ್ ಇಲ್ಲ ಮೇಡಂ, ಆದ್ರೆ ಒಳ್ಳೇ ಪ್ರಚಾರ ಸಿಗುತ್ತೆ” ಎನ್ನುತ್ತಾರೆ. ಶಾಮಿಯಾನದವನಿಗೆ, ಮೈಕ್‌ಸೆಟ್ಟಿನವನಿಗೆ, ಪುಳಿಯೋಗರೆ ಮಾಡಿದ ಅಡುಗೆ ಭಟ್ಟರಿಗೆ ಹೀಗೆ ಪ್ರಚಾರ ಕೊಟ್ಟು ಕಳಿಸಿ ನೋಡಲಿ! ಅಂದಹಾಗೆ ಆ ಮೈಕ್‌ಸೆಟ್ಟಿನವನ ವಿಷಯ. ಅವನಿಗೆ ಎಕೋ ಎಂದರೆ ಪ್ರಾಣ. ನಾನು ‘ಮಳೆ’ ಎಂದು ಒಮ್ಮೆ ಹಾಡಿದರೆ ಸಭೆಗೆ ನಾಲ್ಕು ಮಳೆ ಕೇಳಿಸುತ್ತದೆ. ಕಡಿಮೆ ಮಾಡಪ್ಪ ಎಂದರೆ, “ಎಕೋ ಇಲ್ದಿದ್ರೆ ಹಾಡಿನ ಥರ ಇರಲ್ಲ ಮೇಡಂ.” ಅವನಿಗೆ ಕವರ್ ಬರುತ್ತದೆ, ಆದ್ದರಿಂದ ಅವನ ಮಾತೇ ನಡೆಯುತ್ತದೆ.

ಹಾಡಿ ಕೆಳಗಿಳಿದರೆ ಮೊದಲು ಎದುರಾಗುವ ಪ್ರಶ್ನೆ: “ಚೆನ್ನಾಗಿತ್ತು, ಇದು ಯಾವ ಪಿಕ್ಚರ್‌ದು?” ಯಾವ ಪಿಕ್ಚರ್‌ದೂ ಅಲ್ಲ, ನಂದೇ ಎಂದರೆ ಪಾಪ ಅವರಿಗೆ ಬೇಜಾರಾಗುತ್ತದೆ. “ಪರವಾಗಿಲ್ಲ ಬಿಡಿ, ಮುಂದೆ ಬರುತ್ತೆ” ಎಂದು ಸಮಾಧಾನ ಮಾಡುತ್ತಾರೆ.

ಸಿನಿಮಾದ್ದಲ್ಲದ ಹಾಡನ್ನು ಕನ್ನಡಿಗರು ಕೇಳಿಯೇ ಇಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಕಾಳಿಂಗರಾಯರು ಭಾವಗೀತೆಯನ್ನು ಊರೂರಿಗೆ ಒಯ್ದರು. ನಿಸಾರ್ ಅಹಮದರ ಕವಿತೆಗಳಿಗೆ ನಮ್ಮೂರಿನ ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ ಆಗಿ ಬಂದಾಗ ಜನ ದುಡ್ಡು ಕೊಟ್ಟು ಕೊಂಡರು. 2005ರಲ್ಲಿ ಅಶ್ವಥ್ ಅವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿದಾಗ ಜನಸಾಗರವೇ ಸೇರಿತ್ತು. ಆದರೆ ಆ ಹಾಡುಗಳ ಹಿಂದೆ ದೊಡ್ಡ ಕವಿಗಳಿದ್ದರು, ಎಷ್ಟೋ ಪದ್ಯಗಳನ್ನು ಜನ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದರು. ನನ್ನ ಹಾಡಿನಲ್ಲಿರುವುದು ಅಗ್ರಹಾರ ಸರ್ಕಲ್ಲಿನ ಟ್ರಾಫಿಕ್ಕು.

ಕವಿಗಳದ್ದನ್ನೇ ಹಾಡೋಣ ಎಂದರೆ ಅದಕ್ಕೂ ಲೆಕ್ಕಾಚಾರವಿದೆ. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ವಾರಸುದಾರರದ್ದು. ಬೇಂದ್ರೆಯವರು ಹೋದದ್ದು 1981ರಲ್ಲಿ. ಅಂದರೆ 2041 ಮುಗಿಯುವವರೆಗೆ ಅವರ ಪದ್ಯಕ್ಕೆ ರಾಗ ಹಾಕಿ ಬಿಡುಗಡೆ ಮಾಡಬೇಕಾದರೆ ಅನುಮತಿ ಪಡೆಯಬೇಕು. ಪಡೆಯಬೇಕಾದ್ದು ನ್ಯಾಯವೇ. ನನ್ನ ಹಾಡಿಗೂ ಯಾರಾದರೂ ಹಾಗೆ ಬಂದು ಕೇಳಲಿ ಎಂದು ನಾನೂ ಕಾಯುತ್ತಿದ್ದೇನಲ್ಲ. ಯಾರನ್ನೂ ಕೇಳಬೇಕಿಲ್ಲದೆ ಸಿಗುವವರು 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫಜ್ಜ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಈ ಅಜ್ಜನ ಪದಗಳನ್ನು ಗಿಟಾರಿನ ಜೊತೆ ಹಾಡಿ ಹೊರದೇಶದ ವೇದಿಕೆಗಳಿಗೂ ಮುಟ್ಟಿಸಿದ ಮೇಲೆ ಷರೀಫಜ್ಜ ಕರ್ನಾಟಕದ ಸಕಲ ಬ್ಯಾಂಡುಗಳ ಕಾಯಂ ಸದಸ್ಯರಾಗಿಬಿಟ್ಟಿದ್ದಾರೆ. ಪಾಲು ಕೇಳದ ಸದಸ್ಯರು ಅವರೊಬ್ಬರೇ.

ಬಾಡಿಗೆ ಕಟ್ಟುವುದಕ್ಕೆ ಬೆಂಗಳೂರಿನ ರೈಲು ಹತ್ತುತ್ತೇವೆ, ಪಬ್ಬುಗಳಲ್ಲಿ ಬೇರೆಯವರ ಹಾಡು ಹಾಡುತ್ತೇವೆ. ಅಲ್ಲಿ ಚಪ್ಪಾಳೆ ಕೇಳಿ ಹಿಗ್ಗುವ ಮುಂಚೆ ಟಿವಿ ಕಡೆ ನೋಡಬೇಕು, ಯಾರಾದರೂ ಸಿಕ್ಸರ್ ಹೊಡೆದಿರುತ್ತಾರೆ. 2018ರಲ್ಲಿ ಅದಕ್ಕೂ ಕುತ್ತು ಬಂದಿತ್ತು. ಡ್ಯಾನ್ಸ್ ಬಾರುಗಳಂಥವನ್ನು ಹದ್ದುಬಸ್ತಿನಲ್ಲಿಡಲು ಮಾಡಿದ್ದ 2005ರ ಆದೇಶವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಪೊಲೀಸರು ಲೈಸೆನ್ಸು ಕೇಳಿದರು. ಇಂದಿರಾನಗರದಲ್ಲಿ ಎಷ್ಟೋ ಗಿಟಾರುಗಳು ಚೀಲ ಸೇರಿದವು. ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಹಾಡುವವಳಿಗೂ ಡ್ಯಾನ್ಸ್ ಬಾರಿಗೂ ವ್ಯತ್ಯಾಸ ಕಾಣದ ಕಾನೂನು ಅದೆಂಥದ್ದೋ.

ಇಂಥ ಹೊತ್ತಿನಲ್ಲಿ ನನಗೆ ನಿಕೊಲಾಯ್ ಮೆಡ್ಟ್ನರ್ ನೆನಪಾಗುತ್ತಾನೆ. ಆಂಟಿಗೂ ಅವನ ಕಥೆ ಹೇಳಿದೆ. ರಷ್ಯಾ ಬಿಟ್ಟು ಬಂದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದ ಪಿಯಾನೊ ವಾದಕ, ಬಹಳ ದೊಡ್ಡ ರಚನಕಾರ. 1940ರ ದಶಕದ ಕೊನೆಯ ಹೊತ್ತಿಗೆ ಆರೋಗ್ಯ ಕೆಟ್ಟಿತ್ತು, ಕೈಯಲ್ಲಿ ಕಾಸಿರಲಿಲ್ಲ, ಅವನ ಸಂಗೀತ ಕೇಳುವವರೂ ಕಡಿಮೆ. ಇತ್ತ ನಮ್ಮ ಜಯಚಾಮರಾಜ ಒಡೆಯರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು, ಸ್ವತಃ ಪಿಯಾನೊ ಕಲಿತವರು. ಅವರು ಲಂಡನ್ನಿನಲ್ಲಿ ಮೆಡ್ಟ್ನರ್ ಸೊಸೈಟಿ ಮಾಡಿಸಿ, ಅವನ ರಚನೆಗಳನ್ನು ಅವನಿಂದಲೇ ನುಡಿಸಿ ಗ್ರಾಮಫೋನ್ ಪ್ಲೇಟುಗಳಿಗೆ ಇಳಿಸಲು ಹಣ ಕೊಟ್ಟರು. ಚೀಟಿ ಕಳಿಸಿ ‘ಇದು ಬೇಡ, ಅದು ನುಡಿಸು’ ಎಂದು ಬೇರೆಯವರದ್ದನ್ನು ಕೇಳಲಿಲ್ಲ. ಮೆಡ್ಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಆ ಪ್ಲೇಟುಗಳ ಧ್ವನಿ ಇವತ್ತಿಗೂ ಕೇಳಸಿಗುತ್ತದೆ.

ಆಂಟಿ ಬುಟ್ಟಿಯ ಹೂವು ಎಣಿಸುತ್ತಾ ಯೋಚನೆ ಮಾಡಿ ಹೇಳಿದರು: “ನೋಡು, ಮೈಸೂರಿನ ದುಡ್ಡು ಸಿಗಬೇಕು ಅಂದ್ರೆ ನೀನು ರಷ್ಯಾದಲ್ಲಿ ಹುಟ್ಬೇಕಿತ್ತು ಕಣೇ.” ಯುವ ದಸರಾಕ್ಕೆ ಮುಂಬೈಯಿಂದ ಬಂದಿಳಿಯುವವರನ್ನು ನೆನೆಸಿಕೊಂಡು, ನಾನು ವಾದ ಮಾಡಲು ಹೋಗಲಿಲ್ಲ.

ಮಹಾರಾಜರಿಲ್ಲದ ಮೇಲೆ ಈಗ ಇರುವುದು ಫೋನು. ನನ್ನ ಹಾಡು ಸ್ಪಾಟಿಫೈನಲ್ಲಿದೆ ಎಂದಾಗ ಆಂಟಿ, ಹಾಗಾದರೆ ತಿಂಗಳು ತಿಂಗಳು ದುಡ್ಡು ಬರುತ್ತದಲ್ಲ ಎಂದರು. 2024ರಿಂದ ಸ್ಪಾಟಿಫೈನವರದ್ದೊಂದು ನಿಯಮವಿದೆ: ಹಿಂದಿನ 12 ತಿಂಗಳಲ್ಲಿ ಒಂದು ಹಾಡನ್ನು ಕನಿಷ್ಠ 1,000 ಸಲ ಕೇಳಿರದಿದ್ದರೆ ಆ ಹಾಡಿಗೆ ಬಿಡಿಗಾಸೂ ಇಲ್ಲ. ದಾಟಿದರೂ ಕೈಗೆ ಬರುವುದರಲ್ಲಿ ಮಸಾಲೆದೋಸೆ ತಿನ್ನಬಹುದು, ಕಾಫಿಗೆ ಯೋಚನೆ ಮಾಡಬೇಕು.

“ಸಾವಿರ ತಾನೇ? ನಾನೇ ಹಾಕ್ಕೋತೀನಿ ಬಿಡು” ಎಂದರು ಆಂಟಿ. ಮರುದಿನ ಬೆಳಿಗ್ಗೆಯಿಂದ ಅವರ ಅಡುಗೆಮನೆಯಲ್ಲಿ ಅಗ್ರಹಾರ ಸರ್ಕಲ್ಲಿನ ಟ್ರಾಫಿಕ್ಕು ಶುರು. ಕುಕ್ಕರ್ ಕೂಗಿದರೂ ನಿಲ್ಲದು. ಒಬ್ಬರೇ ಕೇಳಿದರೆ ಲೆಕ್ಕಕ್ಕೆ ಬರೋಲ್ಲ ಆಂಟಿ, ಬೇರೆ ಬೇರೆ ಜನ ಕೇಳಿರಬೇಕು ಎಂದು ಗೋಡೆಯಿಂದಲೇ ಕೂಗಿ ಹೇಳಿದೆ. ಅದಕ್ಕೇನಂತೆ, ಅವರ ವಿಷ್ಣುಸಹಸ್ರನಾಮದ ಬಳಗ ಇದೆಯಲ್ಲ. ಶನಿವಾರ ಪಾರಾಯಣ ಮುಗಿದ ಮೇಲೆ, ಪ್ರಸಾದಕ್ಕೆ ಮುಂಚೆ, ಒಬ್ಬೊಬ್ಬರ ಫೋನನ್ನೂ ಇಸಿದುಕೊಂಡು ಆ್ಯಪು ಹಾಕಿಸಿದ್ದಾರೆ. ಹಾಡು ಕೇಳದವರಿಗೆ ಪ್ರಸಾದ ತಡ.

ಸಾವಿರ ಆಯಿತೋ ಇಲ್ಲವೋ ನಾನಿನ್ನೂ ನೋಡಿಲ್ಲ. ಆದರೆ ಮೊನ್ನೆ ಆಂಟಿ ಹೂಬುಟ್ಟಿಯನ್ನು ಗೋಡೆ ಮೇಲಿಟ್ಟು, ಸ್ವಲ್ಪ ಗಂಭೀರವಾಗಿಯೇ ಕೇಳಿದರು: “ಎರಡನೇ ಚರಣದಲ್ಲಿ ಆ ತಬಲಾ ಹುಡುಗ ಯಾಕಮ್ಮಾ ಅಷ್ಟು ಅವಸರ ಮಾಡ್ತಾನೆ? ನೀನು ಉಸಿರು ತಗೊಳ್ಳೋದ್ರೊಳಗೆ ಮುಂದಕ್ಕೆ ಓಡಿರ್ತಾನೆ. ನಮ್ಮ ಬಳಗದಲ್ಲೂ ಎಲ್ಲರೂ ಅದನ್ನೇ ಅಂದ್ರು.” ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಓಡಿದ್ದಾನೆ. ರೆಕಾರ್ಡ್ ಮಾಡಿದ ಸ್ಟುಡಿಯೋದವರಾಗಲಿ, ಹಾಡು ಹಂಚಿಕೊಂಡು ಬೆಂಕಿಯ ಚಿತ್ರ ಅಂಟಿಸಿದ ಗೆಳೆಯರಾಗಲಿ ಈ ಮಾತು ಹೇಳಿರಲಿಲ್ಲ.

ತಬಲಾದವನಿಗೆ ಫೋನ್ ಮಾಡಿ ತಿಳಿಸಿದೆ. ಯಾರು ಹೇಳಿದ್ದು ಎಂದ. ವಿಮರ್ಶಕರು ಎಂದೆ. ಯಾವ ಪೇಪರಿನಲ್ಲಿ ಬಂದಿದೆ, ಕಟಿಂಗ್ ಕಳಿಸು ಎಂದು ಬೆನ್ನು ಹತ್ತಿದ್ದಾನೆ.