ಅಮರಗೋಳ ಪರಿಸರದ ಮಧುಮಾಲತಿ ಬಳ್ಳಿ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ಅಮರಗೋಳದ ಮನೆಗಳ ಕಾಂಪೌಂಡಿನ ಮೇಲೆ ಹಬ್ಬಿರುವ ಮಧುಮಾಲತಿ, ಅರ್ಥಾತ್ ರಂಗೂನ್ ಬಳ್ಳಿಯನ್ನು ಸಾಂಸ್ಕೃತಿಕ, ವಸಾಹತೋತ್ತರ ಹಾಗೂ ಊರ್ಧ್ವಮುಖಿ ನೆಲೆಗಳಲ್ಲಿ ನಿರ್ವಚಿಸುವ ಒಂದು ವಿನಮ್ರ ಪ್ರಯತ್ನ. ವಿನಮ್ರವಲ್ಲದ ಪ್ರಬಂಧಕ್ಕೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ.

ವ್ಯಾಪ್ತಿ ಮತ್ತು ಮಿತಿ: ಒಂದು ಕಡೆ ಎಪಿಎಂಸಿ ಪ್ರಾಂಗಣ, ಇನ್ನೊಂದು ಕಡೆ ನವನಗರ. ನಡುವೆ ಬರುವ ಹಳೆಯ ಬನಶಂಕರಿ ಗುಡಿಗೂ ಈ ಬಳ್ಳಿಗೂ ಯಾವ ಸಂಬಂಧವೂ ಇಲ್ಲ. ಆದರೂ ಗುಡಿಯೊಂದರ ಉಲ್ಲೇಖವಿಲ್ಲದ ಪ್ರಬಂಧವನ್ನು ಧಾರವಾಡ ಸೀಮೆಯ ಯಾವ ವಿಚಾರ ಸಂಕಿರಣವೂ ಒಪ್ಪದು, ಆದಕಾರಣ ಉಲ್ಲೇಖಿಸಲಾಗಿದೆ. ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಯ ಉಳ್ಳಾಗಡ್ಡಿ ವಾಸನೆಯು ಹೂವಿನ ಘಮದೊಡನೆ ನಡೆಸುವ ‘ಘ್ರಾಣಾತ್ಮಕ ಸಂಘರ್ಷ’ವನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದೆ. ಅವರಿಗೂ ಒಂದು ಪಿಎಚ್.ಡಿ. ಬೇಕಲ್ಲ.

ಬಳ್ಳಿ ಎಂದರೇನು? ತನ್ನ ಬಲದಿಂದ ನಿಲ್ಲಲಾರದೆ, ಹಿರಿಯರ ಆಧಾರ ಹಿಡಿದು ಮೇಲೇರಿ, ಏರಿದ ಬಳಿಕ ಆ ಆಧಾರವೇ ಕಾಣದಂತೆ ಮುಚ್ಚಿಬಿಡುವ ಜೀವಿ. ಈ ವ್ಯಾಖ್ಯೆ ಕೆಲವು ಸಹಾಯಕ ಪ್ರಾಧ್ಯಾಪಕರಿಗೂ ಅನ್ವಯಿಸುತ್ತದೆಂಬ ಆಕ್ಷೇಪ ಬಂದದ್ದರಿಂದ ಸಸ್ಯಶಾಸ್ತ್ರೀಯ ತಿದ್ದುಪಡಿ ಸೇರಿಸಿದೆ: ಮಧುಮಾಲತಿಗೆ ಸುತ್ತಿಕೊಳ್ಳುವ ಕುಡಿ ಇಲ್ಲ. ಎಲೆ ಉದುರಿದ ಮೇಲೆ ತೊಟ್ಟಿನ ಬುಡ ಒಣಗಿ ಮುಳ್ಳಾಗಿ ಉಳಿಯುತ್ತದೆ. ಅದನ್ನೇ ಕೊಕ್ಕೆ ಮಾಡಿಕೊಂಡು ಗೋಡೆ, ಗ್ರಿಲ್ಲು, ಪಕ್ಕದ ಮನೆಯವರ ನುಗ್ಗಿಗಿಡ ಎಲ್ಲವನ್ನೂ ಹತ್ತುತ್ತದೆ.

ಹೂವು ಸಂಜೆಗೆ ಬಿಳಿಯಾಗಿ ಅರಳುತ್ತದೆ. ಮರುದಿನ ಗುಲಾಬಿ, ಅದರ ಮರುದಿನ ಕೆಂಪು. ಜೇನು ಇರುವುದು ಎರಡು ಮೂರು ಅಂಗುಲ ಉದ್ದದ ಕೊಳವೆಯ ತಳದಲ್ಲಿ. ಇರುಳಿನಲ್ಲಿ ಬಿಳುಪನ್ನೂ ಘಮವನ್ನೂ ಹುಡುಕಿ ಉದ್ದ ಸೊಂಡಿಲಿನ ಪತಂಗಗಳು ಬರುತ್ತವೆ, ಹಗಲಿನಲ್ಲಿ ಬಣ್ಣಕ್ಕೆ ದುಂಬಿ, ಚಿಟ್ಟೆ. ವಿದ್ವತ್ ವಲಯದಲ್ಲಿ ಇದನ್ನು ‘ಪುಷ್ಪಾಸ್ಮಿತೆಯ ತ್ರಿಹಂತೀಯ ಸ್ಥಿತ್ಯಂತರ’ ಎನ್ನತಕ್ಕದ್ದು. ಹೂವಿನ ಬಣ್ಣ ಬದಲಾಯಿತು ಎಂದು ಬರೆದರೆ ಬಡ್ತಿಯ ಅಂಕ ಬರುವುದಿಲ್ಲ.

ನೀರುಣಿಸುವವರ ವರ್ಗೀಕರಣ. ಇವರಲ್ಲಿ ಐದು ಬಗೆ:
1. ಆವರ್ತಕ ಜಲಪ್ರದಾಯಿಗಳು: ನಳ ಬಂದ ದಿನ ಮಾತ್ರ ನೀರು ಹಾಕುವವರು.
2. ಪುನರ್ಬಳಕೆಯ ಜಲಪ್ರದಾಯಿಗಳು: ಅಕ್ಕಿ ತೊಳೆದ ನೀರು, ಭಾಂಡೆ ತಿಕ್ಕಿದ ನೀರು ಹಾಕುವವರು.
3. ಮೇಲಿನ ಎರಡೂ ಆಗಿರುವವರು.

ನಮ್ಮ ಓಣಿಯ ಎಲ್ಲರೂ ಮೂರನೆಯ ಬಗೆಗೇ ಸೇರುವುದರಿಂದ ಉಳಿದೆರಡನ್ನು ಕೈಬಿಡಲಾಗಿದೆ. 2008ರಲ್ಲೇ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬಂತು. ಉಳಿದವರು ಡ್ರಮ್ಮು ತುಂಬಿಸುತ್ತ ಕೂತರು. ತುಂಬಿದ ಡ್ರಮ್ಮಿನ ಎದುರು ನಿಂತವನಿಗೆ ನಾಲ್ಕನೆಯ ಬಗೆ ಹೊಳೆಯುವುದಿಲ್ಲ.

ಕ್ಷೇತ್ರಕಾರ್ಯ. ಮಾಹಿತಿದಾರಳು-1: ಸ್ತ್ರೀ, ವಯಸ್ಸು ಎಪ್ಪತ್ತರ ಆಸುಪಾಸು, ಶಿಕ್ಷಣ ‘ಇಲ್ಲ’. ಆಕೆಯ ಹೇಳಿಕೆಗಳು ಹೀಗಿವೆ:

“ಎರಿ ಮಣ್ಣಾಗ ಹಂಗ ನಟ್ಟರ ಮಳಿಗಾಲದಾಗ ಬೇರು ಕೊಳೀತಾವ, ಬ್ಯಾಸಗ್ಯಾಗ ನೆಲ ಬಿರದು ಹರೀತಾವ. ಮಸಾರಿ ಮಣ್ಣು ಕೂಡಸು, ತಿಪ್ಪಿ ಗೊಬ್ಬರ ಕೂಡಸು. ನೆಳ್ಳಾಗ ನಟ್ಟೀ ಅಂದ್ರ ಬರೇ ಎಲಿ ನೋಡಕೋಂತ ಕುಂದ್ರು.”

“ಹೂವಿನ ಹಂಗಾಮ ಮುಗದ ಮ್ಯಾಲ ಕಡೀಲಿಕ್ಕೆ ಅಂಜಬ್ಯಾಡೋ ತಮ್ಮಾ. ಹೂ ಬರೂದು ಹೊಸಾ ಚಿಗುರಿಗೆ. ಬುಡದಾಗ ಮರಿ ಎದ್ದಾವಲ್ಲ, ಬೇರು ಸಹಿತ ಒಂದ ಒಯ್ಯಿ.”

ಬಳ್ಳಿ ಬೆಳೆಸಲು ಬೇಕಾದದ್ದೆಲ್ಲ ಇಷ್ಟರಲ್ಲೇ ಮುಗಿಯಿತು. ಸಂಶೋಧನೆ ಶುರುವಾಗುವುದು ಇದರ ನಂತರ. ಮಸಾರಿ ಕೂಡಿಸುವುದು ‘ಮೃತ್ತಿಕಾ ಸಂಮಿಶ್ರಣದ ದೇಸಿ ಜ್ಞಾನಪರಂಪರೆ’ ಆಗುತ್ತದೆ. ಕತ್ತರಿ ಹಾಕುವುದು ‘ಪುನರುಜ್ಜೀವನಾತ್ಮಕ ಛೇದನ’. ಪುಕ್ಕಟೆ ಕೊಟ್ಟ ಮರಿ ‘ಕೊಡು-ಕೊಳ್ಳುವಿಕೆಯ ಸ್ತ್ರೀಸಂಕಥನ’. ಸಂಕಿರಣ ನಡೆಯುತ್ತದೆ, ಶಾಲು ಹೊದಿಸುತ್ತಾರೆ, ಪ್ರಮಾಣಪತ್ರ ಹಂಚುತ್ತಾರೆ, ಐಎಸ್‌ಬಿಎನ್ ಹೊತ್ತ ಸಂಪುಟ ಬರುತ್ತದೆ. 2010ರಲ್ಲಿ ಯುಜಿಸಿ ಅಂಕಪದ್ಧತಿ ತಂದ ಮೇಲೆ ಪ್ರತಿ ಲೇಖನಕ್ಕೂ ಲೆಕ್ಕ ಸಿಕ್ಕಿತು. ಬಣ್ಣಿಸಲು ಹೊರಟ ಬಳ್ಳಿಯ ಬುಡದಲ್ಲಿ ಒಮ್ಮೆಯೂ ಕುಕ್ಕರಗಾಲಲ್ಲಿ ಕೂರದ ಮಾರ್ಗದರ್ಶಕರ ಹೆಸರು ಲೇಖಕರ ಸಾಲಿನಲ್ಲಿ ಇರುತ್ತದೆ. ಹೇಳಿಕೊಟ್ಟವಳು ಕೊನೆಯ ಪುಟದಲ್ಲೂ ‘ಮಾಹಿತಿದಾರಳು-1’. ಆಕೆಗೊಂದು ಹೆಸರಿದೆಯಲ್ಲರೀ! ಕೇಳಿದ್ದರೆ ಹೇಳುತ್ತಿದ್ದಳು, ಚಹಾನೂ ಕುಡಿಸುತ್ತಿದ್ದಳು.

ಪೂರ್ವಾಧ್ಯಯನಗಳ ಸಮೀಕ್ಷೆ ಇಷ್ಟು ತಡವಾಗಿ ಬರಬಾರದು. ಬರಲಿ. ಈ ಬಳ್ಳಿಯನ್ನು ವಿವರಿಸಿದವರಲ್ಲಿ ರುಂಫಿಯಸ್ ಒಬ್ಬ. ಹದಿನೇಳನೆಯ ಶತಮಾನದಲ್ಲಿ ಡಚ್ ಕಂಪನಿಯ ಚಾಕರಿಯಲ್ಲಿ ಇಂಡೋನೇಷ್ಯಾದ ಅಂಬೋನ್ ದ್ವೀಪದಲ್ಲಿದ್ದವ. 1670ರಲ್ಲಿ ಕಣ್ಣು ಹೋದವು. 1674ರ ಭೂಕಂಪದಲ್ಲಿ ಹೆಂಡತಿ, ಮಗಳು ಹೋದರು. 1687ರ ಬೆಂಕಿಯಲ್ಲಿ ಚಿತ್ರಗಳು ಸುಟ್ಟವು. ಮತ್ತೆ ಬರೆಸಿ ಕಳಿಸಿದ ಹಸ್ತಪ್ರತಿ 1692ರಲ್ಲಿ ಹಡಗಿನ ಜೊತೆ ಮುಳುಗಿತು. ಪುಣ್ಯಕ್ಕೆ ಒಂದು ನಕಲು ಉಳಿದಿತ್ತು. ಆತ 1702ರಲ್ಲಿ ತೀರಿಕೊಂಡ, ಗ್ರಂಥ ಅಚ್ಚಾಗತೊಡಗಿದ್ದು 1741ರಲ್ಲಿ. ಲಿನೇಯಸ್ ಈ ಬಳ್ಳಿಗೆ ಶಾಸ್ತ್ರೀಯ ಹೆಸರು ಆಯ್ದುಕೊಂಡದ್ದು ಆ ಗ್ರಂಥದಿಂದಲೇ. ಅದೇ ಗ್ರಂಥದಲ್ಲಿ ರುಂಫಿಯಸ್ ಒಂದು ಬಿಳಿಯ ಆರ್ಕಿಡ್‌ಗೆ ಹೆಂಡತಿ ಸುಸಾನ್ನಾಳ ಹೆಸರಿಟ್ಟ. ಗಿಡ ಹುಡುಕುವಾಗ ತನ್ನ ಮೊದಲ ಜೊತೆಗಾತಿ ಆಕೆ, ಈ ಹೂವನ್ನು ತನಗೆ ಮೊದಲು ತೋರಿಸಿದವಳೂ ಆಕೆಯೇ ಎಂದು ಬರೆದಿಟ್ಟ. ಕಣ್ಣಿಲ್ಲದವನಿಗೆ ಅದು ಕಂಡಿತ್ತು. ಅವನಿಗೆ ಎಷ್ಟು ಅಂಕ ಕೊಡೋಣ?

ಉಪಸಂಹಾರ ಎಂಬಲ್ಲಿ ‘ಹೊಸ ಹೊಳಹುಗಳು’ ಇರಬೇಕಿತ್ತು. ಇರುವುದು ಇಷ್ಟು: ಹೋದ ಬೇಸಿಗೆಯಲ್ಲಿ ನಮ್ಮ ಮಾಹಿತಿದಾರಳ ಮಗ ಅಂಗಳಕ್ಕೆಲ್ಲ ಪೇವರ್ ಹಾಕಿಸಿದ. ಕಾರು ನಿಲ್ಲಬೇಕು, ಕೆಸರಾಗಬಾರದು, ಅವನದೂ ಸರಿಯೇ. ಬಳ್ಳಿಯ ಬುಡಕ್ಕೆ ಕೊಡಲಿ ಬಿದ್ದಾಗ ಆಕೆ ಕಟ್ಟೆಯ ಮೇಲೆ ಕೂತು, “ಒಂದ ಮೊಳ ಮಣ್ಣು ಬಿಡ್ರೋ” ಎಂದು ಗೌಂಡಿಗೆ ಹೇಳುತ್ತಲೇ ಇದ್ದಳು. ಆ ಮಾತನ್ನು ರೆಕಾರ್ಡು ಮಾಡಿಕೊಳ್ಳಲು ಯಾವ ಸಂಶೋಧಕರೂ ಬಂದಿರಲಿಲ್ಲ. ಈಗ ಬರುತ್ತಾರೆ. ‘ನಗರೀಕರಣ ಮತ್ತು ಕಣ್ಮರೆಯಾಗುತ್ತಿರುವ ಬಳ್ಳಿಗಳು’ ಎಂಬ ಎರಡು ದಿನಗಳ ರಾಷ್ಟ್ರೀಯ ಸಂಕಿರಣದ ಕರಪತ್ರ ವಾಟ್ಸಾಪಿನಲ್ಲಿ ಬಂದಿದೆ. ನೋಂದಣಿ ಶುಲ್ಕ ಸಾವಿರ ರೂಪಾಯಿ, ಊಟ ಸೇರಿ.